ಕಿಜಾಬೆಗೆ ಅಮೆರಿಕದ ಮಿಕ್ಸರ್ ಒಯ್ಯಬಹುದೇ?

ಕೀನ್ಯಾದ ಕಿಜಾಬೆಗೆ ಹೊರಟಿರುವ ನಿಮ್ಮ ಪಕ್ಕದ ಮನೆಯ ಅಮೆರಿಕನ್ ಮಿಷನರಿ ದಂಪತಿ ಅಡುಗೆಮನೆಯಿಂದ ಏನೇನು ಒಯ್ಯಬೇಕು ಎಂದು ಕೇಳಿದ್ದೀರಿ. ಅಲ್ಲಿನ ಕರೆಂಟು 240 ವೋಲ್ಟ್, 50 ಹರ್ಟ್ಜ್. ಅಮೆರಿಕದ್ದು 120, 60. ಟೋಸ್ಟರ್, ಇಸ್ತ್ರಿಪೆಟ್ಟಿ ದಯವಿಟ್ಟು ಬಿಟ್ಟೇ ಹೋಗಲಿ, ನೈರೋಬಿಯಲ್ಲಿ ಸಿಗುತ್ತವೆ. ಬರೀ ಪ್ಲಗ್ ಅಡಾಪ್ಟರ್ ಹಾಕಿದರೆ ಕಾಯಿಲ್ ನಾಲ್ಕು ಪಟ್ಟು ವಿದ್ಯುತ್ ಎಳೆದು ಸುಟ್ಟುಹೋಗುತ್ತದೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ಎಂದಿದ್ದರೆ ಅಡಾಪ್ಟರ್ ಸಾಕು.

ಹಿಟ್ಟು ನಾದುವ ಸ್ಟ್ಯಾಂಡ್ ಮಿಕ್ಸರ್ ಮಾತ್ರ ಒಯ್ಯಲಿ. 300 ವ್ಯಾಟಿನದಾದರೆ 240 ವೋಲ್ಟನ್ನು 120ಕ್ಕೆ ಇಳಿಸುವ, ಕನಿಷ್ಠ 500 ವ್ಯಾಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಗಟ್ಟಿ ಹಿಟ್ಟಿಗೆ ಮೋಟಾರು ಹೆಚ್ಚು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಹರ್ಟ್ಜ್ ಬದಲಿಸುವುದಿಲ್ಲ. ಅದಕ್ಕೇ ಕರೆಂಟಿನ ಹಳೇ ಮುಳ್ಳಿನ ಗಡಿಯಾರ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ, ಮೈಕ್ರೋವೇವ್ ವಿಪರೀತ ಬಿಸಿಯಾಗುತ್ತದೆ. ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಕು. ಟ್ರಾನ್ಸ್‌ಫಾರ್ಮರ್ ಸುಮ್ಮನಿದ್ದರೂ ಬೆಚ್ಚಗಾಗುತ್ತಾ ಯೂನಿಟ್ ತಿನ್ನುತ್ತಿರುತ್ತದೆ.

ಇನ್ನೊಂದು, ನಮ್ಮ ಮನೆಗಳಲ್ಲಿರುವಂಥ ಸೀಟಿ ಕುಕ್ಕರ್ ಖಂಡಿತ ಬೇಕು. ಕಿಜಾಬೆ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಗ ಬೇಯುವುದೇ ಇಲ್ಲ. ಕುಡಿಯುವ ನೀರನ್ನೂ ಚೆನ್ನಾಗಿ ಕುದಿ ಬಂದ ಮೇಲೆ 3 ನಿಮಿಷ ಕುದಿಯಲು ಬಿಡಬೇಕು.