‘ಫೈಲ್ ನಂಬರ್ ಹೇಳಿ’ ಎಂದುಬಿಟ್ಟೆ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ 14 ವರ್ಷದಿಂದ ಕೆಲಸ. ಪಾಲಿಸಿದಾರರು ತೀರಿಕೊಂಡ ಮೇಲೆ ಮನೆಯವರು ಹಾಕುವ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಕೆಲಸ ಜಾಸ್ತಿ ಇದೆ, ನಿಜ. ಆದರೆ ಮೊದಲು ಎಲ್ಲರ ಹತ್ತಿರವೂ ಸಮಾಧಾನವಾಗಿ ಮಾತಾಡುತ್ತಿದ್ದೆ. ಈಗ ಫೋನ್ ರಿಂಗಾದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಹೋದ ತಿಂಗಳು ಒಬ್ಬ ಹೆಣ್ಣುಮಗಳು ಗಂಡ ಹೋದದ್ದನ್ನು ಹೇಳುತ್ತಾ ಅಳತೊಡಗಿದರು. ನಾನು ‘ಅದಿರಲಿ, ಫೈಲ್ ನಂಬರ್ ಹೇಳಿ’ ಎಂದುಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಗು ಒರೆಸಿಕೊಂಡು ನಂಬರ್ ಹೇಳಿದರು. ಅವತ್ತಿನಿಂದ ನನ್ನ ಮೇಲೆ ನನಗೇ ಅಸಹ್ಯ. ಆ ಫೈಲ್‌ಗೂ ‘ಇನ್ನೊಂದು ದಾಖಲೆ ಕಳಿಸಿ’ ಎಂದು ಪತ್ರ ಬರೆಯಬೇಕಾಯಿತು. ನಿಜಕ್ಕೂ ಅದರ ಅಗತ್ಯ ಇರಲಿಲ್ಲ. ತಿಂಗಳ ಕೊನೆ ಬಂದರೆ ಹೀಗೆ ಏನಾದರೊಂದು ದಾಖಲೆ ಕೇಳಿ ಮುಂದೂಡಿ ಎಂದು ಮೇಲಿನವರ ಮಾತು. ಒಂದೊಂದು ದಿನ ಇಂಥ ‘ಇನ್ನೊಂದು ದಾಖಲೆ’ ಪತ್ರಗಳೇ ಹತ್ತು ಹನ್ನೆರಡು. ಬೆಳಿಗ್ಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಹತ್ತು ನಿಮಿಷ ಕೂತಿರುತ್ತೇನೆ. 12 ದಿನ ರಜೆ ಹಾಕಿ ಬಂದೆ, ಎರಡನೇ ದಿನಕ್ಕೆ ಮತ್ತೆ ಅದೇ. ‘ನೀವು ಮನೆಯಲ್ಲಿದ್ದರೂ ಇಲ್ಲದ ಹಾಗೇ’ ಅನ್ನುತ್ತಾಳೆ ಹೆಂಡತಿ. ಆದರೆ ಮಗನ ಜೊತೆ ಹಳೇ ರೇಡಿಯೊ ಬಿಚ್ಚಿ ಕೂತರೆ ರಾತ್ರಿ ಹನ್ನೆರಡಾದದ್ದೂ ಗೊತ್ತಾಗುವುದಿಲ್ಲ. ಹಾಗಾದರೆ ಇದು ಬರೀ ಸೋಮಾರಿತನವೇ? ರಾಜೀನಾಮೆ ಕೊಡಲೇ?
– ಹೆಸರು ಬೇಡ

ಉತ್ತರ: ಸೋಮಾರಿಗಳು ಇಷ್ಟುದ್ದ ಪತ್ರ ಬರೆಯುವುದಿಲ್ಲ ಸ್ವಾಮಿ. ಫೋನ್ ಇಟ್ಟ ಮೇಲೆ ಅವರಿಗೆ ಅಸಹ್ಯವೂ ಆಗುವುದಿಲ್ಲ.

ನನ್ನದೊಂದು ಕಥೆ ಹೇಳುತ್ತೇನೆ. ಕೌನ್ಸೆಲಿಂಗ್ ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಎದುರಿಗೆ ಒಬ್ಬ ಹುಡುಗಿ ಕೂತು ಅಳುತ್ತಿದ್ದಳು. ನಾನು ತಲೆಯಾಡಿಸುತ್ತಾ ಟಿಶ್ಯೂ ಡಬ್ಬಿಯನ್ನು ಅವಳತ್ತ ಸರಿಸಿದೆ. ಸಂಜೆ ಟಿಪ್ಪಣಿ ಬರೆಯಲು ಪೆನ್ನು ಹಿಡಿದರೆ ಅವಳು ಯಾತಕ್ಕೆ ಅತ್ತಳು ಅನ್ನುವುದೇ ನೆನಪಾಗಲಿಲ್ಲ. ಡಬ್ಬಿಯಲ್ಲಿ ಟಿಶ್ಯೂ ಮುಗಿಯುತ್ತಾ ಬಂದಿದೆ ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು. ಹಾಗಾಗಿ ನಿಮ್ಮ ‘ಫೈಲ್ ನಂಬರ್ ಹೇಳಿ’ ಓದಿದಾಗ ನಾನೇನೂ ಬೆಚ್ಚಿಬೀಳಲಿಲ್ಲ.

ಇದಕ್ಕೆ ಬರ್ನ್‌ಔಟ್ ಎಂಬ ಹೆಸರು ಅಂಟಿದ್ದೂ ಬೇರೆಯವರ ಕಷ್ಟ ಕೇಳುವವರಿಂದಲೇ. ನ್ಯೂಯಾರ್ಕ್‌ನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ತಮ್ಮ ವೃತ್ತಿಯ ಜೊತೆಗೆ ಉಚಿತ ಚಿಕಿತ್ಸಾಲಯವೊಂದರಲ್ಲೂ ದುಡಿಯುತ್ತಿದ್ದರು. ಬಹಳ ಉತ್ಸಾಹದಿಂದ ಬಂದ ಸ್ವಯಂಸೇವಕರೇ ಕ್ರಮೇಣ ಸಿಡುಕುತ್ತಾ, ಮರಗಟ್ಟುತ್ತಾ ಹೋಗುವುದನ್ನು ಅಲ್ಲಿ ಕಂಡರು. ಅವರೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. 1974ರಲ್ಲಿ ಅದನ್ನೇ ಲೇಖನವಾಗಿ ಬರೆದರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಕೊಟ್ಟರು. ಅವರು ಹುಡುಕಿದ್ದು ಮೂರು ಗುರುತು: ಒಳಗೆಲ್ಲ ಬತ್ತಿಹೋದಂಥ ಸುಸ್ತು, ಎದುರಿಗಿರುವವರನ್ನು ಮನುಷ್ಯರಂತೆ ಕಾಣದೆ ಹೋಗುವುದು, ‘ನಾನು ಮಾಡಿದ್ದರಿಂದ ಏನೂ ಆಗಲಿಲ್ಲ’ ಅನ್ನಿಸುವುದು. ಪಾರ್ಕಿಂಗ್‌ನಲ್ಲಿ ಹತ್ತು ನಿಮಿಷ, ಫೈಲ್ ನಂಬರ್, ಅಸಹ್ಯ. ಮೂರಕ್ಕೆ ಮೂರೂ ನಿಮ್ಮ ಪತ್ರದಲ್ಲಿವೆ.

ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಒಪ್ಪಿದ ತನ್ನ ರೋಗಪಟ್ಟಿಯಲ್ಲಿ ಹೆಚ್ಚುಕಡಿಮೆ ಇದೇ ಮೂರನ್ನು ಬರೆದಿದೆ. ಆದರೆ ಇದನ್ನು ರೋಗ ಎಂದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲವಂತೆ. ಈ ವ್ಯತ್ಯಾಸ ನನಗೆ ಬಹಳ ಇಷ್ಟ. ಕೆಟ್ಟಿರುವುದು ನೀವೊಬ್ಬರೇ ಅಲ್ಲ, ನಿಮಗೂ ನಿಮ್ಮ ಕೆಲಸಕ್ಕೂ ನಡುವಿನ ಸಂಬಂಧ ಕೆಟ್ಟಿದೆ ಎಂದ ಹಾಗಾಯಿತು.

ಇನ್ನು ರೇಡಿಯೊ ವಿಷಯ. ಅದೇ ಸೋಮಾರಿತನಕ್ಕೆ ಸಾಕ್ಷಿ ಎಂದುಕೊಂಡಿದ್ದೀರಿ. ನನಗೆ ಅದನ್ನು ಓದಿ ಜೀವ ತಣ್ಣಗಾಯಿತು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಆ ರೇಡಿಯೊವೂ ಸಪ್ಪೆಯಾಗುತ್ತದೆ, ಮಗನೂ ದೂರವಾಗುತ್ತಾನೆ. ಬರ್ನ್‌ಔಟ್‌ನಲ್ಲಿ ಆಫೀಸಿನ ಹೊರಗೆ ಎಲ್ಲೋ ಒಂದು ಕಡೆ ಜೀವ ಉಳಿದಿರುತ್ತದೆ. ಗೆರೆ ಎಳೆದ ಹಾಗೆ ಬೇರೆ ಮಾಡಲು ಬರುವುದಿಲ್ಲ, ಒಂದು ಇನ್ನೊಂದಕ್ಕೆ ಜಾರುವುದೂ ಉಂಟು. ಅದಕ್ಕೇ ಹೇಳುತ್ತೇನೆ: ಎರಡು ವಾರ ಬಿಡದೆ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮಗನ ಪಕ್ಕ ಕೂರುವುದೂ ಬೇಡವೆನಿಸಿದರೆ, ಮನೋವೈದ್ಯರನ್ನು ಕಾಣಿ. ಇರುವುದೇ ಬೇಡ ಅನ್ನುವ ಯೋಚನೆ ಸುಳಿದರಂತೂ ನನ್ನ ಉತ್ತರಕ್ಕೆ ಕಾಯದೆ ಅವತ್ತೇ ಹೋಗಿ. ಹಾಗೇ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ರಕ್ತ ಕಡಿಮೆಯಿದ್ದ ಸುಸ್ತಿಗೆ ಎಷ್ಟು ಮಾತಾಡಿ ಏನು ಪ್ರಯೋಜನ?

ಪತ್ರವನ್ನು ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ, ಹಳೇ ಚಾಳಿ. ‘ಕೆಲಸ ಜಾಸ್ತಿ’ ಅನ್ನುವುದನ್ನು ಒಂದೇ ಒಂದು ಸಲ, ಹೋಗಲಿ ಅನ್ನುವ ಹಾಗೆ ಬರೆದಿದ್ದೀರಿ. ‘ಇನ್ನೊಂದು ದಾಖಲೆ’ ಮಾತ್ರ ಮತ್ತೆ ಮತ್ತೆ ಬರುತ್ತದೆ. ಮ್ಯಾಸ್ಲಾಕ್ ಮತ್ತು ಅವರ ಜೊತೆಗಾರ ಮೈಕಲ್ ಲೈಟರ್ ಬರ್ನ್‌ಔಟ್‌ಗೆ ದಾರಿಯಾಗುವ ಆರು ಕಡೆಗಳನ್ನು ಗುರುತಿಸಿದ್ದಾರೆ. ಕೆಲಸದ ಹೊರೆ ಅದರಲ್ಲಿ ಒಂದು ಅಷ್ಟೆ. ಮಿಕ್ಕವು ನಮ್ಮ ಹಿಡಿತದಲ್ಲಿ ಎಷ್ಟಿದೆ, ಸಿಗುವ ಪ್ರತಿಫಲ, ಜೊತೆಯವರ ನಂಟು, ನ್ಯಾಯ, ಮೌಲ್ಯ. ನಿಮ್ಮ ಕೊಡ ಸೋರುತ್ತಿರುವುದು ಕೊನೆಯದರಲ್ಲಿ. ತಪ್ಪು ಎಂದು ಗೊತ್ತಿರುವುದನ್ನು ನಿಮ್ಮ ಕೈಯಿಂದಲೇ, ನಿಮ್ಮ ಸಹಿ ಹಾಕಿಸಿಯೇ, ದಿನಕ್ಕೆ ಹನ್ನೆರಡು ಸಲ ಮಾಡಿಸುತ್ತಿದ್ದಾರೆ. ಗಂಡನನ್ನು ಕಳೆದುಕೊಂಡವರ ದನಿ ಕೇಳುತ್ತಾ ಅಂಥ ಪತ್ರ ಬರೆಯಲಾಗುವುದಿಲ್ಲ. ಹಾಗಾಗಿ ಕಿವಿಯೇ ಮುಚ್ಚಿಕೊಂಡಿತು. ಹನ್ನೆರಡಲ್ಲ, ನಲವತ್ತು ದಿನ ರಜೆ ಹಾಕಿದ್ದರೂ ವಾಪಸ್ ಬಂದಾಗ ಅದೇ ಪತ್ರ ಕಾಯುತ್ತಿತ್ತು.

ಆಫೀಸಿನವರು ನಾಳೆ ಪ್ರಾಣಾಯಾಮದ ತರಗತಿ ಇಡಿಸಬಹುದು. ಹೋಗಿ ಬನ್ನಿ, ಉಸಿರಾಟದಿಂದ ಯಾರಿಗೂ ಕೆಡುಕಾಗಿಲ್ಲ. ಆ ಪತ್ರದ ಒಂದು ಸಾಲೂ ಅದರಿಂದ ಬದಲಾಗುವುದಿಲ್ಲ.

ಎರಡು ವಾರ ಒಂದು ಪುಟ್ಟ ನೋಟ್‌ಬುಕ್ ಇಡಿ. ಮನಸ್ಸಿನಲ್ಲಿ ಏನಾಯಿತು ಅಂತೆಲ್ಲ ಬೇಡ, ಲೆಕ್ಕ ಬರೆಯಿರಿ. ಎಷ್ಟು ಫೈಲ್, ಎಷ್ಟು ಫೋನ್, ಎಷ್ಟು ‘ಇನ್ನೊಂದು ದಾಖಲೆ’, ಅದರಲ್ಲಿ ನಿಯಮದ ಪ್ರಕಾರ ನಿಜಕ್ಕೂ ಬೇಕಾದದ್ದು ಎಷ್ಟು. ಆ ಲೆಕ್ಕ ಹಿಡಿದು ಮೇಲಿನವರ ಹತ್ತಿರ ಹೋಗಿ. ‘ನನಗೆ ಆಗುತ್ತಿಲ್ಲ ಸರ್’ ಎಂದರೆ ಎರಡು ದಿನ ರೆಸ್ಟ್ ತಗೊಳ್ಳಿ ಅನ್ನುತ್ತಾರೆ. ‘ಈ ಹದಿನಾರು ಪತ್ರಕ್ಕೆ ಆಧಾರವಾದ ನಿಯಮ ಯಾವುದು, ಬರವಣಿಗೆಯಲ್ಲಿ ಕೊಡಿ ಸರ್’ ಎಂದರೆ ಅವರೂ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಒಬ್ಬರೇ ಹೋಗಬೇಡಿ, ಪಕ್ಕದ ಮೇಜಿನವರನ್ನೂ ಕೇಳಿ ನೋಡಿ. ಅವರೂ ಪಾರ್ಕಿಂಗ್‌ನಲ್ಲಿ ಕೂತೇ ಬರುತ್ತಿರಬಹುದು. ಜೊತೆಗೆ ದಿನಕ್ಕೆ ಎರಡು ಗಂಟೆ ಫೋನ್ ಇಲ್ಲದೆ ಕಾಗದ ಮಾತ್ರ ನೋಡುವ ಪಾಳಿ ಕೇಳಿ. ಅಳು ಕೇಳಿದ ಕಿವಿಗೆ ನಡುವೆ ಬಿಡುವು ಬೇಕೇ ಬೇಕು.

ಸಂಜೆ ಏಳುವ ಮುಂಚೆ ನಾಳೆ ಮೊದಲು ತೆಗೆಯಬೇಕಾದ ಫೈಲ್ ಯಾವುದೆಂದು ಚೀಟಿಯಲ್ಲಿ ಬರೆದು ಡ್ರಾಯರ್‌ಗೆ ಹಾಕಿ. ನಾನು ಇವತ್ತಿಗೂ ಮಾಡುತ್ತೇನೆ. ತಲೆಗೆ ತಾನು ಹೊತ್ತುಕೊಂಡು ಹೋಗಬೇಕಿಲ್ಲ ಎಂದು ಗೊತ್ತಾದರೆ ಇಳಿಸಿಬಿಡುತ್ತದೆ. ಆಫೀಸಿನ ವಾಟ್ಸಾಪ್ ಗುಂಪಿನ ಸದ್ದು ರಾತ್ರಿ ಬಂದ್ ಮಾಡಿ. ಮೊದಲ ವಾರ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ, ಆಮೇಲೆ ಮರೆಯುತ್ತದೆ.

ರಾಜೀನಾಮೆಯನ್ನು ಈ ಸುಸ್ತಿನಲ್ಲಿ ಬರೆಯಬೇಡಿ. ಹಾಗಂತ ‘ಎಲ್ಲ ಕಡೆ ಇದೇ ಕಥೆ’ ಎಂದು ಹಲ್ಲು ಕಚ್ಚಿಕೊಂಡು ಇರಿ ಎಂದೂ ನಾನು ಹೇಳುವವಳಲ್ಲ. ಹೆಂಡತಿಯ ಜೊತೆ ಕೂತು, ಸಂಬಳವಿಲ್ಲದೆ ಮನೆ ಎಷ್ಟು ತಿಂಗಳು ನಡೆದೀತು ಎಂದು ಲೆಕ್ಕ ಹಾಕಿ. ಮೂರು ತಿಂಗಳ ಆಚೆಗೆ ಒಂದು ತಾರೀಖು ಗುರುತು ಮಾಡಿಕೊಳ್ಳಿ. ಅಷ್ಟರೊಳಗೆ ಆ ಪತ್ರಗಳು ನಿಲ್ಲದಿದ್ದರೆ, ನಿಮ್ಮನ್ನು ಬೇರೆ ವಿಭಾಗಕ್ಕೂ ಹಾಕದಿದ್ದರೆ ಹೊರಡಿ. ನನಗೆ ವೈಯಕ್ತಿಕವಾಗಿ ನೀವು ಹೊರಡಬೇಕಾದೀತು ಅನ್ನಿಸುತ್ತದೆ. ತಪ್ಪಾಗಿದ್ದರೆ ಖುಷಿ. ಅಲ್ಲಿಯವರೆಗೆ ಬೇರೆ ಕಡೆ ಅರ್ಜಿ ಹಾಕುತ್ತಿರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಆ ಹೆಣ್ಣುಮಗಳ ಫೈಲ್ ಇನ್ನೂ ಮುಗಿದಿರಲಾರದು. ನಾಳೆಯ ಚೀಟಿಯಲ್ಲಿ ಅದನ್ನೇ ಬರೆಯಿರಿ. ಬೇಡದ ದಾಖಲೆಯನ್ನು ಬೇಡವೆಂದು ಷರಾ ಹಾಕಿ ಮೇಲಕ್ಕೆ ಕಳಿಸಿ, ಆಕೆಗೆ ನೀವೇ ಫೋನ್ ಮಾಡಿ ತಿಳಿಸಿ. ಕ್ಷಮೆ ಕೇಳುವ ಧೈರ್ಯ ಆಗ ಬಂದರೆ ಕೇಳಿ, ಇಲ್ಲದಿದ್ದರೂ ನಡೆಯುತ್ತದೆ. ಈ ಸಲ ಫೈಲ್ ನಂಬರ್ ಮಾತ್ರ ಕೇಳಬೇಡಿ, ಅದು ನಿಮ್ಮ ಕೈಯಲ್ಲೇ ಇರುತ್ತದೆ.