ಗೆಲ್ಲದಿದ್ದರೂ ಸ್ಪರ್ಧೆಗೆ ಹಾಕಬೇಕಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎರಡು ವರ್ಷದಿಂದ ಆರ್ಕಿಟೆಕ್ಟ್ ಆಗಿದ್ದೇನೆ. ಡಿಸೈನ್ ಸ್ಪರ್ಧೆಗಳಿಗೆ ಹಾಕೋಣ ಅಂದ್ರೆ ಅಪ್ಪ 'ಅದು ಬಿಟ್ಟಿ ಚಾಕರಿ' ಅಂತಾರೆ. ನೀವೇನಂತೀರಿ?

ಉತ್ತರ: ಅಪ್ಪ ಹೇಳಿದ್ದು ಅರ್ಧ ನಿಜ. ಹಾಸನದಲ್ಲಿ ಕೂತು ನಾನೂ ಮೂರು ಸ್ಪರ್ಧೆಗೆ ಹಾಕಿದ್ದೇನೆ, ಒಂದರಲ್ಲೂ ಗೆದ್ದಿಲ್ಲ. ಒಂದಕ್ಕಂತೂ ಫೀಸು ಕಟ್ಟಿ, ಹದಿನೈದು ರಾತ್ರಿ ನಿದ್ದೆಗೆಟ್ಟು ಶೀಟು ಕಳಿಸಿದರೆ ಫಲಿತಾಂಶವೇ ಬರಲಿಲ್ಲ. ಆಮೇಲೆ ನೋಡಿದರೆ ತೀರ್ಪುಗಾರರ ಹೆಸರೇ ಹಾಕಿರಲಿಲ್ಲ! ತಪ್ಪು ನನ್ನದೇ ಬಿಡಿ. ನಮ್ಮನ್ನೆಲ್ಲ ನೋಂದಾಯಿಸಿಕೊಳ್ಳುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಸ್ಪರ್ಧೆಗಳಿಗೆ ಅಂತಲೇ ಮಾರ್ಗಸೂಚಿ ಮಾಡಿದೆ, ಮೊದಲು ಅದನ್ನು ಓದಿಕೊಳ್ಳಿ. ಡ್ರಾಯಿಂಗಿನ ಹಕ್ಕು ಯಾರಿಗೆ ಹೋಗುತ್ತೆ, ಗೆದ್ದವರಿಗೆ ಕೆಲಸ ಕೊಡ್ತಾರಾ ಅನ್ನೋದನ್ನೂ ನೋಡಿ.

ಆದರೂ ಹಾಕಿ ಅಂತೀನಿ. 1981ರಲ್ಲಿ ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧದ ಯೋಧರ ಸ್ಮಾರಕದ ಸ್ಪರ್ಧೆ ಗೆದ್ದ ಮಾಯಾ ಲಿನ್‌ಗೆ ಆಗ 21 ವರ್ಷ, ಇನ್ನೂ ಓದುತ್ತಿದ್ದರು. ಬಂದಿದ್ದ 1,421 ವಿನ್ಯಾಸಗಳ ಮೇಲೂ ಹೆಸರಿರಲಿಲ್ಲ, ಬರೀ ನಂಬರು. ನಮ್ಮಂಥ ಹೊಸಬರಿಗೆ ಬೇರೆಲ್ಲಿ ಸಿಗುತ್ತೆ ಇಂಥ ಅವಕಾಶ, ಅಲ್ವಾ?

ಇನ್ನೊಂದು ಲಾಭ ಇದೆ. ಮನೆ ಕಟ್ಟಿಸೋರು ಬಂದರೆ ಮಾತೆಲ್ಲ ವಾಸ್ತು, ಕಾರ್ ಪಾರ್ಕಿಂಗ್ ಸುತ್ತಲೇ. ಸ್ಪರ್ಧೆಯಲ್ಲಿ ಸುಮ್ನೆ ಮಳೆ ಬಗ್ಗೆಯೇ ಒಂದು ವಾರ ಯೋಚಿಸಬಹುದು. ಒಂದು ಲೈಬ್ರರಿ ಸ್ಪರ್ಧೆಗೆ ಅಂತ ಬರೆದು ಸೋತ ನನ್ನ ಸೂರಿನ ವಿನ್ಯಾಸ ಈಗ ಸಕಲೇಶಪುರದ ಹತ್ತಿರ ಒಂದು ಮನೆ ಮೇಲಿದೆ. ಮಂಗಳೂರು ಹೆಂಚು ನಾಲ್ಕಡಿ ಮುಂದೆ ಚಾಚಿದೆ, ಆಷಾಢದ ಗಾಳಿಗೂ ಜಗಲಿಗೆ ಎರಚಲು ಜಾಸ್ತಿ ಬಡಿಯಲ್ಲ.

ವರ್ಷಕ್ಕೆ ಒಂದು ಸಾಕು. ಅದೂ ಮಳೆಗಾಲದಲ್ಲಿ, ಸೈಟ್ ಕೆಲಸ ನಿಂತಿರುವಾಗ.