ಐದು ಗೆಲುವು ಬಂದರೆ ತೆಗೆದದ್ದು ಸರಿಯಾಗುತ್ತದೆಯೇ?

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ ಬಗ್ಗೆ ಬಂದ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "2017ರಲ್ಲಿ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಕ್ಲಾಡಿಯೊ ರನಿಯೇರಿಯನ್ನು ತೆಗೆದಾಗ ಕ್ಲಬ್ಬಿಗೆ ಉಪಕಾರ ಸ್ಮರಣೆ ಇಲ್ಲ ಎಂದು ಎಲ್ಲರೂ ಬೈದರು. ನಿಮ್ಮ ಲೇಖನವೂ ಅದನ್ನೇ ಹೇಳುತ್ತದೆ. ಆದರೆ ಅವರು ಹೋದ ತಕ್ಷಣ ತಂಡ ಲೀಗ್‌ನಲ್ಲಿ ಸತತ ಐದು ಪಂದ್ಯ ಗೆದ್ದಿತು. ಇನ್ನೇನು ಪುರಾವೆ ಬೇಕು? ಹಳೇ ಕಪ್ ತೋರಿಸಿಕೊಂಡು ಕುರ್ಚಿಯಲ್ಲಿ ಕೂರುವ ಹಕ್ಕು ಯಾರಿಗೂ ಇಲ್ಲ. ನಮ್ಮ ಬೆಂಗಳೂರು ಎಫ್‌ಸಿ ವಿಷಯದಲ್ಲೂ ನಾವು ಹೀಗೇ ಯೋಚಿಸಬೇಕು ಅಲ್ವಾ?"

ಪ್ರೀತಿಯ ಓದುಗರೇ,

ನಿಮ್ಮ ಪತ್ರದ ಒಂದು ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಳೇ ಕಪ್ ಯಾರ ಕುರ್ಚಿಯನ್ನೂ ಕಾಯಬಾರದು. 2017ರ ಫೆಬ್ರವರಿ 23ರಂದು ರನಿಯೇರಿಯನ್ನು ತೆಗೆದಾಗ ಲೆಸ್ಟರ್ ಸ್ಥಿತಿ ನಿಜಕ್ಕೂ ಕೆಟ್ಟಿತ್ತು. 25 ಪಂದ್ಯಗಳಲ್ಲಿ 21 ಅಂಕ. 17ನೇ ಸ್ಥಾನ. ಕೆಳಗಿನ ಲೀಗ್‌ಗೆ ಇಳಿಯುವ ಜಾಗಕ್ಕಿಂತ ಒಂದೇ ಅಂಕ ಮೇಲೆ. ಹಿಂದಿನ ಐದು ಲೀಗ್ ಪಂದ್ಯಗಳಲ್ಲೂ ಸೋಲು. ಹೊಸ ವರ್ಷ ಬಂದ ಮೇಲೆ ಲೀಗ್‌ನಲ್ಲಿ ಒಂದೂ ಗೋಲಿಲ್ಲ. ಒಂಬತ್ತು ತಿಂಗಳ ಹಿಂದಷ್ಟೇ ಇದೇ ರನಿಯೇರಿ ಕೈಯಲ್ಲಿ 81 ಅಂಕ ಗಳಿಸಿ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ 10 ಅಂಕ ಮುಂದೆ ನಿಂತು ಚಾಂಪಿಯನ್ ಆಗಿದ್ದ ತಂಡ ಇದು. ಇಂಗ್ಲೆಂಡಿನಲ್ಲಿ ಚಾಂಪಿಯನ್ ತಂಡ ಮರುವರ್ಷವೇ ಕೆಳಗಿಳಿದದ್ದು ಒಂದೇ ಸಲ. 1938ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಆ ಗತಿ ಬಂದಿತ್ತು. ಕ್ಲಬ್‌ನವರು ಹೆದರಿದರು ಎಂದರೆ ಅದಕ್ಕೆ ಕಾರಣ ಇತ್ತು.

ಆದರೆ ಆ ಐದು ಗೆಲುವುಗಳನ್ನು ಪುರಾವೆ ಎನ್ನುತ್ತೀರಲ್ಲ, ಅಲ್ಲಿ ನನ್ನ ತಕರಾರಿದೆ.

ಮ್ಯಾನೇಜರ್‌ನನ್ನು ತೆಗೆಯುವುದು ಯಾವಾಗ? ತಂಡ ಅತ್ಯಂತ ಕೆಟ್ಟದಾಗಿ ಆಡುತ್ತಿರುವಾಗ. ಅಷ್ಟು ಕೆಳಗೆ ಹೋದ ತಂಡ ಸಾಮಾನ್ಯವಾಗಿ ಅಲ್ಲಿಂದ ಸ್ವಲ್ಪವಾದರೂ ಮೇಲೆ ಬರುತ್ತದೆ. ಯಾರೇ ಇದ್ದರೂ ಬರುತ್ತದೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಲೀಗ್ ಫಲಿತಾಂಶಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಮ್ಯಾನೇಜರ್‌ನನ್ನು ತೆಗೆದ ಕ್ಲಬ್‌ಗಳನ್ನು ಒಂದು ಕಡೆ ಇಟ್ಟರು. ಅದೇ ರೀತಿ ಸೋಲುತ್ತಿದ್ದರೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ಕ್ಲಬ್‌ಗಳನ್ನು ಇನ್ನೊಂದು ಕಡೆ ಇಟ್ಟರು. ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಥರ ಚೇತರಿಸಿಕೊಂಡಿದ್ದವು. ನಾವು ಸುಮ್ನೆ ಹೊಸಬರಿಗೆ ಹಾರ ಹಾಕುತ್ತೇವೆ. ಉಳಿಸಿಕೊಂಡ ಕ್ಲಬ್‌ಗಳ ಕಥೆ ಯಾರೂ ಹೇಳುವುದಿಲ್ಲ, ಏಕೆಂದರೆ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿರುವುದಿಲ್ಲ.

ನೀವು ಲೆಸ್ಟರ್‌ನ ಒಂದೇ ವರ್ಷವನ್ನು ಹಿಡಿದಿದ್ದೀರಿ. ಅದೇ ಕ್ಲಬ್‌ನ ಉಳಿದ ವರ್ಷಗಳನ್ನೂ ನೋಡೋಣ ಬನ್ನಿ. 2014-15ರಲ್ಲಿ ನೈಜಲ್ ಪಿಯರ್ಸನ್ ಮ್ಯಾನೇಜರ್ ಆಗಿದ್ದರು. ಕ್ರಿಸ್‌ಮಸ್ ಹೊತ್ತಿಗೆ ತಂಡ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಆದರೂ ಅವರನ್ನು ಮುಟ್ಟಲಿಲ್ಲ. ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು 14ನೇ ಸ್ಥಾನಕ್ಕೆ ಬಂದರು. ಇದೂ ಲೆಸ್ಟರ್ರೇ, ಆಟಗಾರರಲ್ಲೂ ಬಹುಪಾಲು ಅವರೇ. 2023ರ ಏಪ್ರಿಲ್‌ನಲ್ಲಿ ಬ್ರೆಂಡನ್ ರಾಜರ್ಸ್ ಸರದಿ. 2021ರಲ್ಲಿ ಕ್ಲಬ್ಬಿಗೆ ಮೊದಲ ಎಫ್ಎ ಕಪ್ ತಂದುಕೊಟ್ಟವರು ಅವರು. ಹತ್ತು ಪಂದ್ಯ ಬಾಕಿ ಇರುವಾಗ ಅವರನ್ನು ತೆಗೆದರು. ತಂಡ ಕೆಳಗಿಳಿಯಿತು. ಅದು ತಡವಾಯಿತು ಎನ್ನುತ್ತೀರಾ? ಹಾಗಾದರೆ 2024ನ್ನು ನೋಡಿ. ಮತ್ತೆ ಮೇಲೆ ಬಂದ ತಂಡ ಆ ನವೆಂಬರ್‌ನಲ್ಲಿ, 12 ಪಂದ್ಯ ಮುಗಿದಿದ್ದಾಗಲೇ ಸ್ಟೀವ್ ಕೂಪರ್‌ರನ್ನು ಮನೆಗೆ ಕಳಿಸಿತು. ಆಗ 10 ಅಂಕ, 16ನೇ ಸ್ಥಾನ. ಇಳಿಯುವ ಜಾಗದಲ್ಲೂ ಇರಲಿಲ್ಲ. ರೂಡ್ ವಾನ್ ನಿಸ್ಟಲ್‌ರಾಯ್ ಬಂದರು. ತವರು ಮೈದಾನದಲ್ಲೇ ಲೀಗ್‌ನ ಸತತ ಒಂಬತ್ತು ಪಂದ್ಯಗಳನ್ನು ಒಂದೂ ಗೋಲಿಲ್ಲದೆ ಸೋತರು. 25 ಅಂಕಗಳೊಂದಿಗೆ ಮತ್ತೆ ಕೆಳಕ್ಕೆ.

ಹಾಗಾದರೆ ರನಿಯೇರಿ ತಪ್ಪೇ ಮಾಡಲಿಲ್ಲವೇ? ಮಾಡಿದರು. ಆ ವರ್ಷ ತಂಡದ ರಚನೆಯನ್ನು ಪದೇ ಪದೇ ಬದಲಾಯಿಸಿದರು. ಕಪ್ ಗೆದ್ದ ವರ್ಷದ ಸರಳ 4-4-2 (ನಾಲ್ವರು ಡಿಫೆಂಡರ್, ನಾಲ್ವರು ನಡುಮೈದಾನದವರು, ಇಬ್ಬರು ಮುಂಚೂಣಿಯವರು) ಎಲ್ಲೋ ಕಳೆದುಹೋಯಿತು. ಅವರ ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಚಾರ್ಜ್ ತೆಗೆದುಕೊಂಡ ಮೇಲೆ ಮಾಡಿದ ಮೊದಲ ಕೆಲಸ ಹಳೇ ಆಟಕ್ಕೆ ಮರಳಿದ್ದು. ಮೊದಲ ಪಂದ್ಯದಲ್ಲೇ ಲಿವರ್‌ಪೂಲ್ ವಿರುದ್ಧ 3-1. ಜೇಮಿ ವಾರ್ಡಿ ರನಿಯೇರಿ ಇದ್ದಾಗ 25 ಪಂದ್ಯಗಳ ಅವಧಿಯಲ್ಲಿ 5 ಲೀಗ್ ಗೋಲು ಹೊಡೆದಿದ್ದರು. ಉಳಿದ 13 ಪಂದ್ಯಗಳ ಅವಧಿಯಲ್ಲಿ 8 ಹೊಡೆದರು. ತಂಡ 12ನೇ ಸ್ಥಾನದಲ್ಲಿ ಮುಗಿಸಿತು. ನಿಮ್ಮ ವಾದಕ್ಕೆ ಐದು ಗೆಲುವಿಗಿಂತ ಇದು ಗಟ್ಟಿ ಆಧಾರ.

ಆದರೆ ಆ ತಂಡ ಹಾಳಾದದ್ದು ಫೆಬ್ರವರಿಯಲ್ಲಲ್ಲ, ಹಿಂದಿನ ಬೇಸಿಗೆಯಲ್ಲಿ. ನಡುಮೈದಾನದ ಜೀವವೇ ಆಗಿದ್ದ ಎನ್‌ಗೋಲೊ ಕಾಂಟೆ ಚೆಲ್ಸಿಗೆ ಹೋದರು. ಎದುರಾಳಿಯ ಕಾಲಿಂದ ಚೆಂಡು ಕಸಿದು ಓಡುವ ಅವರಂಥ ಆಟಗಾರ ಆಗ ಇನ್ನೊಬ್ಬನಿರಲಿಲ್ಲ. ಆ ವರ್ಷ ಚೆಲ್ಸಿ ಚಾಂಪಿಯನ್ ಆಯಿತು. ಕಾಂಟೆ, ಮಹ್ರೆಜ್, ವಾರ್ಡಿಯಂಥವರನ್ನು ಹುಡುಕಿ ತರುವುದರಲ್ಲಿ ಮುಂದಿದ್ದ ಸ್ಟೀವ್ ವಾಲ್ಷ್ ಕೂಡ ಅದೇ ಬೇಸಿಗೆಯಲ್ಲಿ ಎವರ್ಟನ್ ಸೇರಿದರು. ಕಾಂಟೆ ಜಾಗಕ್ಕೆಂದು ತಂದ ನಾಂಪಲಿಸ್ ಮೆಂಡಿ ಗಾಯಗೊಂಡು ಬಹುತೇಕ ಹೊರಗೇ ಉಳಿದರು. ದೊಡ್ಡ ಹಣ ಕೊಟ್ಟು ತಂದ ಇಸ್ಲಾಂ ಸ್ಲಿಮಾನಿ, ಅಹ್ಮದ್ ಮೂಸಾ ಅಷ್ಟಾಗಿ ಕೈಗೂಡಲಿಲ್ಲ. ಆ ಕೊರತೆ ತುಂಬಿದ ವಿಲ್ಫ್ರೆಡ್ ಎಂಡಿಡಿ ಬಂದದ್ದು ಜನವರಿಯಲ್ಲಿ, ರನಿಯೇರಿ ಇದ್ದಾಗಲೇ. ಆತ ತಂಡಕ್ಕೆ ಹೊಂದಿಕೊಂಡು ಮಿಂಚುವ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವರಿದ್ದರು.

ನನ್ನನ್ನು ಇಂದಿಗೂ ನೋಯಿಸುವುದು ತೆಗೆದ ರೀತಿ. ಫೆಬ್ರವರಿ 7ರಂದು ಕ್ಲಬ್ ಹೇಳಿಕೆ ಕೊಟ್ಟಿತು, ಮ್ಯಾನೇಜರ್‌ಗೆ ನಮ್ಮ ಬೆಂಬಲ ಅಚಲ ಎಂದು. 16 ದಿನಕ್ಕೆ ಕೆಲಸದಿಂದ ತೆಗೆಯಿತು. ಹಿಂದಿನ ರಾತ್ರಿಯಷ್ಟೇ ತಂಡ ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಸ್ಪೇನಿನ ಸೆವಿಯಾ ವಿರುದ್ಧ ಅವರ ಮೈದಾನದಲ್ಲಿ 2-1ರಿಂದ ಸೋತಿತ್ತು. ಅಲ್ಲಿ ಎರಡು ಪಂದ್ಯಗಳ ಒಟ್ಟು ಗೋಲು ನೋಡಿ ವಿಜೇತರನ್ನು ತೀರ್ಮಾನಿಸುವುದರಿಂದ ಎರಡನೇ ಪಂದ್ಯಕ್ಕೆ ಆಸೆ ಉಳಿದಿತ್ತು. ಆ ಎರಡನೇ ಪಂದ್ಯವನ್ನು ಲೆಸ್ಟರ್ 2-0ಯಿಂದ ಗೆದ್ದು ಕ್ವಾರ್ಟರ್ ಫೈನಲ್ ತಲುಪಿತು. ತನ್ನ ತಂಡವನ್ನು ಅಲ್ಲಿಯವರೆಗೆ ಕರೆತಂದ ಮನುಷ್ಯ ಆ ರಾತ್ರಿ ಮೈದಾನದ ಬದಿಯಲ್ಲಿ ಇರಬೇಕಿತ್ತು. ಇನ್ನು ಶೇಕ್ಸ್‌ಪಿಯರ್? ಬೇಸಿಗೆಯಲ್ಲಿ ಮೂರು ವರ್ಷದ ಒಪ್ಪಂದ ಕೊಟ್ಟರು. ಅಕ್ಟೋಬರ್‌ನಲ್ಲಿ ಅವರನ್ನೂ ತೆಗೆದರು. ಆಟಗಾರರನ್ನು ಕೊಂಡವರು, ಮಾರಿದವರು ಯಾರೂ ಇಂಥ ಬೆಲೆ ತೆರಲಿಲ್ಲ.

ರನಿಯೇರಿ ಕಾಲ ಮುಗಿದಿತ್ತು ಎನ್ನುವವರಿಗೆ ಇನ್ನೊಂದು ಮಾತು. 2024ರ ನವೆಂಬರ್‌ನಲ್ಲಿ ಇಟಲಿಯ ರೋಮಾ ಕ್ಲಬ್ ಅವರನ್ನು ಕರೆಯಿತು. ಆಗ ಅವರಿಗೆ 73 ವರ್ಷ. ಅದೇ ಋತುವಿನಲ್ಲಿ ರೋಮಾ ಆಗಲೇ ಇಬ್ಬರು ಮ್ಯಾನೇಜರ್‌ಗಳನ್ನು ತೆಗೆದಾಗಿತ್ತು. 12ನೇ ಸ್ಥಾನದಲ್ಲಿದ್ದ ತಂಡವನ್ನು ರನಿಯೇರಿ ಐದನೇ ಸ್ಥಾನಕ್ಕೆ ತಂದು ನಿಲ್ಲಿಸಿದರು. ಹೌದು, ಇದು ನಡುವೆ ಮ್ಯಾನೇಜರ್ ಬದಲಾಯಿಸಿ ಫಲ ಕಂಡ ಉದಾಹರಣೆಯೇ. ಬದಲಾವಣೆ ಎಂದೂ ಫಲ ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಯಾರ ಬದಲು ಯಾರು, ಯಾವ ಕೆಲಸಕ್ಕೆ ಎಂದು ಮೊದಲೇ ಗೊತ್ತಿರಬೇಕು. ಕೂಪರ್‌ರನ್ನು ಕಳಿಸಿದಾಗ ಲೆಸ್ಟರ್‌ಗೆ ಅದು ಗೊತ್ತಿದ್ದಂತೆ ಕಾಣುವುದಿಲ್ಲ.

ಬೆಂಗಳೂರು ಎಫ್‌ಸಿ ಬಗ್ಗೆ ಕೇಳಿದ್ದೀರಿ. ಕೋಚ್ ಕಾರ್ಲೆಸ್ ಕ್ವಾಡ್ರಾಟ್ 2018-19ರಲ್ಲಿ ಕ್ಲಬ್ಬಿಗೆ ಮೊದಲ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದುಕೊಟ್ಟರು. 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಿಗೇ ಅವರು ಹೊರನಡೆದರು. ತಂಡ ಆ ವರ್ಷ ಏಳನೇ ಸ್ಥಾನದಲ್ಲಿ ಮುಗಿಸಿತು. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೋದರು. ಹಿಂದಿನ ಋತುವಿನಲ್ಲಿ ಡ್ಯುರಾಂಡ್ ಕಪ್ ಗೆದ್ದು, ಐಎಸ್ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತಿದ್ದ ಕೋಚ್. ಅವರು ಹೋದ ಋತುವಿನಲ್ಲಿ ತಂಡಕ್ಕೆ ಸಿಕ್ಕಿದ್ದು ಹತ್ತನೇ ಸ್ಥಾನ. ಎರಡು ಸಲವೂ ಕೋಚ್ ಬದಲಾದರು, ಕಪ್‌ಗಾಗಿ ಮೇಲಿನ ಸ್ಥಾನದ ತಂಡಗಳು ಆಡುವ ಪ್ಲೇಆಫ್ ಮಾತ್ರ ಸಿಗಲಿಲ್ಲ. ಹಾಗಾಗಿ ಕಂಠೀರವದಲ್ಲಿ ಮುಂದಿನ ಸಲ ಕೋಚ್ ವಿರುದ್ಧ ಕೂಗು ಎದ್ದಾಗ, ಆ ವರ್ಷ ಯಾವ ಆಟಗಾರರನ್ನು ಬಿಟ್ಟುಕೊಟ್ಟೆವು, ಯಾರನ್ನು ತಂದೆವು, ಆ ತೀರ್ಮಾನ ಯಾರದ್ದು ಎಂಬ ಪ್ರಶ್ನೆಯನ್ನೂ ಸೇರಿಸಿ ಜೋರಾಗಿ ಕೇಳಿ. ಅದಕ್ಕೆ ನಮ್ಮ ಪತ್ರಿಕೆಯ ಬೆಂಬಲ ಇದೆ.

– ಸಂಪಾದಕ